ಘಾಟಿ ಇಳಿಯುವಾಗ ಬ್ರೇಕ್ ಯಾಕೆ ಸುಡುತ್ತದೆ?

ಪ್ರಶ್ನೆ: ಕಳೆದ ತಿಂಗಳು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಐದು ಜನ, ಡಿಕ್ಕಿ ತುಂಬ ಸಾಮಾನು. ಆಗುಂಬೆ ಘಾಟಿ ಅರ್ಧ ಇಳಿಯುವಷ್ಟರಲ್ಲಿ ಏನೋ ಸುಟ್ಟ ವಾಸನೆ ಬಂತು. ಇನ್ನೆರಡು ತಿರುವು ದಾಟುವಾಗ ಬ್ರೇಕ್ ಪೆಡಲ್ ಮೆತ್ತಗಾಯಿತು, ಸ್ಪಂಜ್ ತುಳಿದ ಹಾಗೆ. ಹೆದರಿ ಪಕ್ಕಕ್ಕೆ ನಿಲ್ಲಿಸಿದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲಾ ಮೊದಲಿನ ಹಾಗೇ ಇತ್ತು. ಮರುದಿನ ಮೆಕ್ಯಾನಿಕ್ ಬಿಚ್ಚಿ ನೋಡಿ ‘ಬ್ರೇಕಿಗೆ ಏನೂ ಆಗಿಲ್ಲ’ ಅಂದರು. ನಾನು 30ರ ವೇಗ ದಾಟಿಯೇ ಇರಲಿಲ್ಲ. ಅಷ್ಟು ನಿಧಾನ ಬಂದರೂ ಬ್ರೇಕ್ ಸುಡುವುದು ಹೇಗೆ? ಅಪ್ಪ ‘ಹತ್ತುವ ಗೇರಿನಲ್ಲೇ ಇಳಿಯಬೇಕು’ ಅಂತಾರೆ. ಅಣ್ಣ ‘ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತೆ’ ಅಂತಾನೆ. ಇಬ್ಬರಲ್ಲಿ ಯಾರು ಸರಿ?

ಉತ್ತರ: ನಿಮ್ಮ ಅಪ್ಪ ಸರಿ. ಅಣ್ಣನ ಮಾತು ಪೆಟ್ರೋಲಿನ ಲೆಕ್ಕದಲ್ಲೂ ತಪ್ಪು, ಜೀವದ ಲೆಕ್ಕದಲ್ಲೂ ತಪ್ಪು. ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆಯೇ. ‘ನಿಧಾನ ಬಂದರೂ ಸುಡುವುದು ಹೇಗೆ?’ ಅಂತ ಕೇಳಿದಿರಲ್ಲ, ಅದು. ಇಪ್ಪತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನಾಗಿ ಹೇಳುತ್ತೇನೆ, ಅಲ್ಲೇ ಎಲ್ಲರೂ ಎಡವುವುದು. ವೇಗ ಕಡಿಮೆ ಇದ್ದರೆ ಬ್ರೇಕಿಗೆ ಕೆಲಸವೇ ಇಲ್ಲ ಅಂದುಕೊಳ್ಳುತ್ತೇವೆ. ಊರಿನ ಸಮತಟ್ಟಾದ ರಸ್ತೆಯಲ್ಲಿ ಅದು ಹೆಚ್ಚು ಕಡಿಮೆ ನಿಜ. ಘಾಟಿಯಲ್ಲಿ ನಿಜವಲ್ಲ.

ಯಾಕೆ ಅಂತ ನೋಡೋಣ. ಆಗುಂಬೆ ಊರು ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಮುಟ್ಟುವಾಗ ಗಾಡಿ ಅರ್ಧ ಕಿಲೋಮೀಟರಿನಷ್ಟು ಕೆಳಗೆ ಬಂದಿರುತ್ತದೆ. ಲೆಕ್ಕ ಸುಲಭವಾಗಲಿ ಅಂತ 500 ಮೀಟರ್ ಇಟ್ಟುಕೊಳ್ಳೋಣ, ರಸ್ತೆಯ ಉದ್ದ 10 ಕಿಲೋಮೀಟರ್ ಇಟ್ಟುಕೊಳ್ಳೋಣ. ನಿಮ್ಮ ಕಾರು 1000 ಕಿಲೋ, ಐದು ಜನ ಮತ್ತು ಸಾಮಾನು 400 ಕಿಲೋ. ಒಟ್ಟು 1400.

ಇಷ್ಟು ಭಾರ ಆಗುಂಬೆಯಲ್ಲಿ ನಿಂತಿದೆ ಅಂದರೆ ಅದರ ಹತ್ತಿರ ಎತ್ತರದ ಶಕ್ತಿ ಇದೆ. ಶಾಲೆಯ ಪುಸ್ತಕದಲ್ಲಿ ಪ್ರಚ್ಛನ್ನ ಶಕ್ತಿ ಅಂತ ಓದಿರುತ್ತೀರಿ. ಲೆಕ್ಕ ಸರಳ: ದ್ರವ್ಯರಾಶಿ ಗುಣಿಸು ಗುರುತ್ವ ಗುಣಿಸು ಎತ್ತರ. 1400 × 9.8 × 500. ಸುಮಾರು 69 ಲಕ್ಷ ಜೂಲ್ ಬರುತ್ತದೆ (ಜೂಲ್ ಅಂದರೆ ಶಕ್ತಿಯನ್ನು ಅಳೆಯುವ ಮಾನ). ಸೋಮೇಶ್ವರದಲ್ಲಿ ನಿಂತಾಗ ಇದರಲ್ಲಿ ಒಂದು ಜೂಲ್ ಕೂಡ ಕಾರಿನ ಎತ್ತರದಲ್ಲಿ ಉಳಿದಿರುವುದಿಲ್ಲ. ವೇಗವಾಗಿಯೂ ಉಳಿದಿರುವುದಿಲ್ಲ, ಯಾಕೆಂದರೆ ಗಾಡಿ ನಿಂತಿದೆ. ಹಾಗಾದರೆ ಹೋಯಿತು ಎಲ್ಲಿಗೆ?

ಶಕ್ತಿ ಸುಮ್ಮನೆ ಮಾಯವಾಗುವುದಿಲ್ಲ. ಬ್ರೇಕ್ ಹಾಕಿದರೆ ವೇಗ ‘ಸಾಯುತ್ತದೆ’ ಅಂತ ನಾವು ಮಾತಿಗೆ ಹೇಳುತ್ತೇವೆ. ಅದು ಸಾಯುವುದಿಲ್ಲ, ರೂಪ ಬದಲಿಸುತ್ತದೆ. ಬ್ರೇಕ್ ಅಂದರೆ ಚಲನೆಯನ್ನು ಶಾಖವಾಗಿ ಬದಲಿಸುವ ಯಂತ್ರ, ಅಷ್ಟೇ. 69 ಲಕ್ಷ ಜೂಲ್ ಅಂದರೆ ಎಷ್ಟು ಅಂತ ಅಂದಾಜು ಬೇಕಾದರೆ ಬಚ್ಚಲ ಹಂಡೆ ನೆನೆಸಿಕೊಳ್ಳಿ. 20 ಲೀಟರ್ ತಣ್ಣೀರನ್ನು ಕುದಿಸಲು ಹೆಚ್ಚು ಕಡಿಮೆ ಇಷ್ಟೇ ಶಾಖ ಬೇಕು. ನೀವು ಒಂದು ಹಂಡೆ ನೀರು ಕುದಿಸುವಷ್ಟು ಬೆಂಕಿಯನ್ನು ಗಾಡಿಯಲ್ಲಿ ಹೊತ್ತು ಘಾಟಿ ಇಳಿದಿದ್ದೀರಿ.

ಈಗ ‘ನಾನು 30 ದಾಟಲಿಲ್ಲ’ ಅನ್ನುವ ಮಾತಿಗೆ ಬರೋಣ. ನೀವು ಉದ್ದಕ್ಕೂ ಒಂದೇ ವೇಗದಲ್ಲಿ ಬಂದಿರಿ ಅಂದುಕೊಳ್ಳಿ. ವೇಗ ಏರಲಿಲ್ಲ, ಇಳಿಯಲಿಲ್ಲ. ನ್ಯೂಟನ್ನನ ಮೊದಲ ನಿಯಮದ ಪ್ರಕಾರ ಗಾಡಿಯ ಮೇಲಿನ ಒಟ್ಟು ಬಲ ಸೊನ್ನೆ. ಇಲ್ಲಿ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ಮಾಡುವ ತಪ್ಪು ಒಂದಿದೆ: ‘ಒಟ್ಟು ಬಲ ಸೊನ್ನೆ, ಹಾಗಾದರೆ ಬಲವೇ ಇಲ್ಲ’ ಅಂತಾರೆ. ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆಯವರು ಸಮಬಲ ಇದ್ದಾಗ ಹಗ್ಗ ಅಲುಗಾಡುವುದಿಲ್ಲ. ಆಗ ಯಾರೂ ಎಳೆಯುತ್ತಿಲ್ಲ ಅಂತ ಹೇಳುತ್ತೀರಾ? ಅವರ ಅಂಗೈ ನೋಡಿ, ಚರ್ಮ ಕಿತ್ತು ಬಂದಿರುತ್ತದೆ. ಘಾಟಿಯಲ್ಲೂ ಹಾಗೇ. 10 ಕಿಲೋಮೀಟರಿಗೆ 500 ಮೀಟರ್ ಇಳಿಜಾರು ಅಂದರೆ 20ಕ್ಕೆ 1. ಈ ಇಳಿಜಾರು ನಿಮ್ಮ 1400 ಕಿಲೋ ಗಾಡಿಯನ್ನು ಸುಮಾರು 70 ಕಿಲೋ ತೂಕದಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ. ಗಾಡಿಯ ಮುಂಭಾಗಕ್ಕೆ ಹಗ್ಗ ಕಟ್ಟಿ, ಅದನ್ನು ಬಾವಿಯ ರಾಟೆಯ ಮೇಲೆ ಹಾಯಿಸಿ, ಆ ತುದಿಯಲ್ಲಿ ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದ ಹಾಗೆ. ಅವನು ಇಡೀ ಘಾಟಿ ಬಿಡದೆ ಎಳೆಯುತ್ತಲೇ ಇರುತ್ತಾನೆ. ನೀವು 30ರಲ್ಲಿ ಹೋದರೂ ಎಳೆಯುತ್ತಾನೆ, 10ರಲ್ಲಿ ಹೋದರೂ ಎಳೆಯುತ್ತಾನೆ.

ಅವನಿಗೆ ಎದುರಾಗಿ ಯಾರಾದರೂ ಹಿಂದಕ್ಕೆ ಎಳೆಯಬೇಕಲ್ವಾ? ಟೈರು ಉರುಳುವಾಗ ರಬ್ಬರ್ ಜಜ್ಜಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ, ಅದರಲ್ಲಿ ಒಂದಷ್ಟು ಬಲ ಕಳೆಯುತ್ತದೆ. ಗಾಳಿ ಸ್ವಲ್ಪ ತಡೆಯುತ್ತದೆ. 30ರ ವೇಗದಲ್ಲಿ ಗಾಳಿಯದು ಲೆಕ್ಕಕ್ಕೇ ಇಲ್ಲ. ಎರಡೂ ಸೇರಿ 20 ಕಿಲೋದಷ್ಟು ಹಿಡಿಯಿರಿ. ಉಳಿದ 50 ಕಿಲೋ ಬಲ ಬ್ರೇಕ್ ಅಥವಾ ಎಂಜಿನ್, ಎರಡರಲ್ಲಿ ಒಂದು ಹೊರಬೇಕು. ನೀವು ಟಾಪ್ ಗೇರಿನಲ್ಲೋ ನ್ಯೂಟ್ರಲ್ಲಿನಲ್ಲೋ ಇದ್ದಿದ್ದರೆ ಹೆಚ್ಚು ಕಡಿಮೆ ಪೂರ್ತಿ ಬ್ರೇಕಿನ ತಲೆಗೇ ಬಂತು. ಗಂಟೆಗೆ 30 ಕಿಲೋಮೀಟರಿನಲ್ಲಿ ಅದು 4 ಕಿಲೋವ್ಯಾಟ್ ಶಾಖ. ಮನೆಯ ಎರಡು ಗೀಸರ್‌ಗಳನ್ನು ಚಕ್ರದೊಳಗೆ ಇಟ್ಟು 20 ನಿಮಿಷ ಸ್ವಿಚ್ ಆಫ್ ಮಾಡದೆ ಬಿಟ್ಟ ಹಾಗೆ.

ಇದನ್ನು ಊರಿನ ಬ್ರೇಕಿಗೆ ಹೋಲಿಸಿ ನೋಡಿ. ಸಮತಟ್ಟು ರಸ್ತೆಯಲ್ಲಿ 60ರ ವೇಗದಿಂದ ಇದೇ ಗಾಡಿಯನ್ನು ಪೂರ್ತಿ ನಿಲ್ಲಿಸಿದರೆ ಬ್ರೇಕಿಗೆ ಹೋಗುವುದು ಸುಮಾರು 2 ಲಕ್ಷ ಜೂಲ್. ಘಾಟಿಯಲ್ಲಿ ಟೈರು, ಗಾಳಿ ಎಲ್ಲಾ ಕಳೆದು ಬ್ರೇಕಿನ ಪಾಲಿಗೆ ಬಂದದ್ದು 49 ಲಕ್ಷ. ಅಂದರೆ 60ರಿಂದ ಸೊನ್ನೆಗೆ, 60ರಿಂದ ಸೊನ್ನೆಗೆ, ಹೀಗೆ 25 ಸಲ ನಿಲ್ಲಿಸಿದ್ದಕ್ಕೆ ಸಮ. 20 ನಿಮಿಷದಲ್ಲಿ.

ಶಾಖ ಇಷ್ಟಿದ್ದರೂ ಅದು ಇಡೀ ಗಾಡಿಗೆ ಹರಡಿದ್ದರೆ ಏನೂ ಆಗುತ್ತಿರಲಿಲ್ಲ. ಜೋಗದ ನೀರು 253 ಮೀಟರ್ ಎತ್ತರದಿಂದ ಬಂಡೆಗೆ ಅಪ್ಪಳಿಸುತ್ತದೆ. ಎತ್ತರದ ಶಕ್ತಿಯೆಲ್ಲ ಶಾಖವಾಗಿ ಅದೇ ನೀರಿನಲ್ಲಿ ಉಳಿದರೂ ನೀರು ಬಿಸಿಯಾಗುವುದು ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ. ಯಾಕೆಂದರೆ ಬಿದ್ದ ಪ್ರತಿ ಹನಿಯೂ ತನ್ನ ಶಾಖವನ್ನು ತಾನೇ ಹೊರುತ್ತದೆ. ನೀರಿಗೆ ಶಾಖ ಹೊರುವ ತಾಕತ್ತೂ ಜಾಸ್ತಿ. ಕಬ್ಬಿಣಕ್ಕೆ ಆ ತಾಕತ್ತು ಕಡಿಮೆ, ನೀರಿನ ಒಂಬತ್ತನೇ ಒಂದು ಭಾಗದಷ್ಟು. ಹಾಗಿದ್ದರೂ 1400 ಕಿಲೋ ಪೂರ್ತಿ ಕಬ್ಬಿಣವಾಗಿದ್ದು, 69 ಲಕ್ಷ ಜೂಲನ್ನು ಎಲ್ಲಾ ಕಡೆ ಸಮ ಹಂಚಿಕೊಂಡಿದ್ದರೆ ಏರುವುದು ಬರೀ 10, 11 ಡಿಗ್ರಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಇದಕ್ಕಿಂತ ಬಿಸಿಯಾಗುತ್ತದೆ.

ಆದರೆ ಘಾಟಿಯಲ್ಲಿ 1400 ಕಿಲೋದ ಶಾಖ ಹೋಗಿ ಕೂರುವುದು ನಾಲ್ಕು ಚಕ್ರಗಳ ಒಳಗಿನ ಸುಮಾರು 20 ಕಿಲೋ ಕಬ್ಬಿಣದಲ್ಲಿ. ಚಕ್ರದ ಜೊತೆಗೇ ತಿರುಗುವ ಬಿಲ್ಲೆಗಳು ಮುಂದೆ ಎರಡು, ಅವೇ ಡಿಸ್ಕ್; ಡಬ್ಬಿಯಂಥವು ಹಿಂದೆ ಎರಡು, ಅವೇ ಡ್ರಮ್. ಇಳಿಜಾರಿನಲ್ಲಿ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಡಿಸ್ಕುಗಳಿಗೇ ದೊಡ್ಡ ಪಾಲು. ಬ್ರೇಕಿಗೆ ಬಂದ 49 ಲಕ್ಷ ಜೂಲ್ ಪೂರ್ತಿ ಅಲ್ಲೇ ಉಳಿದರೆ 500 ಡಿಗ್ರಿಯಷ್ಟು ಏರಬೇಕು. ಗಾಳಿ ಒಂದಷ್ಟು ಹೊತ್ತೊಯ್ಯುವುದರಿಂದ ಅಷ್ಟು ಏರುವುದಿಲ್ಲ. ಆದರೂ 200, 300 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಮಳೆಗಾಲದ ಒಂದು ಸಂಜೆ ಸೋಮೇಶ್ವರದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ಘಾಟಿ ಇಳಿದು ಬಂದ ಒಂದು ಜೀಪು ಪಕ್ಕದಲ್ಲೇ ನಿಂತಿತು. ಬಾನೆಟ್ಟಿನಿಂದ ಹೊಗೆ ಇಲ್ಲ, ಮುಂದಿನ ಎರಡು ಚಕ್ರಗಳಿಂದ ಆವಿ ಏಳುತ್ತಿತ್ತು. ಮಳೆಹನಿ ಚಕ್ರದೊಳಗೆ ಬಿದ್ದಾಗಲೆಲ್ಲ ಚುಂಯ್ ಅನ್ನುವ ಸದ್ದು, ಕಾದ ಕಾವಲಿಗೆ ದೋಸೆ ಹೊಯ್ಯುವ ಮೊದಲು ನೀರು ಚಿಮುಕಿಸುತ್ತೇವಲ್ಲ, ಥೇಟ್ ಹಾಗೇ. ತರಗತಿಯಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದ ಲೆಕ್ಕ ಅವತ್ತು ಕಿವಿಗೆ ಕೇಳಿಸಿತು.

ಉಜ್ಜಿದರೆ ಶಾಖ ಹುಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತು, ಚಳಿಗೆ ಅಂಗೈ ಉಜ್ಜಿಕೊಳ್ಳುತ್ತೇವೆ. ಆದರೆ ಆ ಶಾಖ ಎಲ್ಲಿಂದ ಬಂತು ಅಂತ ಜಗತ್ತಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಶಾಖ ಅಂದರೆ ವಸ್ತುಗಳ ಒಳಗೆ ಅಡಗಿರುವ ಒಂದು ಬಗೆಯ ದ್ರವ ಅಂತ ಆಗ ತುಂಬಾ ಜನ ನಂಬಿದ್ದರು. ಜರ್ಮನಿಯ ಮ್ಯೂನಿಕ್‌ನಲ್ಲಿ ಫಿರಂಗಿ ತಯಾರಿಸುವ ಕೆಲಸ ನೋಡಿಕೊಳ್ಳುತ್ತಿದ್ದ ಕೌಂಟ್ ರಮ್‌ಫೋರ್ಡ್‌ಗೆ ಇದು ಸರಿ ಕಾಣಲಿಲ್ಲ. ಫಿರಂಗಿಯ ಲೋಹಕ್ಕೆ ತೂತು ಕೊರೆಯುವಾಗ ಅದು ವಿಪರೀತ ಕಾಯುತ್ತಿತ್ತು. ಅವನು ಬೇಕಂತಲೇ ಮೊಂಡು ಕೊರೆಗಂಬಿ ಹಾಕಿಸಿದ. ಲೋಹವನ್ನು ನೀರಿನ ಪೆಟ್ಟಿಗೆಯೊಳಗೆ ಇರಿಸಿದ. ಕುದುರೆಯ ಬಲದಿಂದ ಅದು ತಿರುಗುತ್ತಾ ಹೋಯಿತು. ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು, ಬೆಂಕಿಯೇ ಇಲ್ಲದೆ. ತಿರುಗಿಸುತ್ತಿರುವ ತನಕ ಶಾಖ ಬರುತ್ತಲೇ ಇರುತ್ತದೆ, ಖಾಲಿಯಾಗುವುದೇ ಇಲ್ಲ. ಒಳಗೆ ದ್ರವ ಅಡಗಿದ್ದರೆ ಎಂದೋ ಮುಗಿಯಬೇಕಿತ್ತು ಅಂತ 1798ರಲ್ಲಿ ಅವನು ವಾದಿಸಿದ. ಆಮೇಲೆ 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ತೂಕದ ಗುಂಡುಗಳನ್ನು ಕೆಳಗೆ ಇಳಿಯಲು ಬಿಟ್ಟು, ಆ ಇಳಿತದಿಂದ ನೀರಿನೊಳಗೆ ದೋಣಿಯ ಹುಟ್ಟಿನಂಥ ಚಿಕ್ಕ ಅಲಗುಗಳನ್ನು ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತು ಅಂತ ಅಳೆದ. ಇಷ್ಟು ಎತ್ತರ ಇಳಿದರೆ ಇಷ್ಟು ಶಾಖ ಅಂತ ಲೆಕ್ಕ ಕೊಟ್ಟವನು ಅವನೇ. ನಿಮ್ಮ ಕಾರು ಆಗುಂಬೆಯಲ್ಲಿ ಮಾಡಿದ್ದು ಜೂಲನ ಗುಂಡಿನ ಕೆಲಸವನ್ನೇ.

ಈಗ ನಿಮ್ಮ ಪೆಡಲ್ ಮೆತ್ತಗಾದದ್ದು. ಇದು ಸರಿಯಾಗಿ ಗೊತ್ತಿರಬೇಕು. ಬ್ರೇಕ್ ಕಾದಾಗ ಎರಡು ಬೇರೆ ಬೇರೆ ತೊಂದರೆ ಬರುತ್ತವೆ, ಎರಡನ್ನೂ ಕಾಲೇ ಗುರುತಿಸುತ್ತದೆ.

ಒಂದು, ಪ್ಯಾಡಿನದು, ಅಂದರೆ ಡಿಸ್ಕನ್ನು ಅದುಮಿ ಹಿಡಿಯುವ ತುಂಡಿನದು. ಬ್ರೇಕ್ ಪ್ಯಾಡಿನ ಪುಡಿಯನ್ನು ಹಿಡಿದಿಡುವ ಅಂಟು ಇರುತ್ತದೆ, ಒಂದು ಬಗೆಯ ರಾಳ. ವಿಪರೀತ ಕಾದಾಗ ಅದು ಸುಡಲು ಶುರುವಾಗುತ್ತದೆ. ನಿಮಗೆ ಬಂದ ವಾಸನೆ ಅದರದ್ದೇ. ಅದರಿಂದ ಹೊರಡುವ ಅನಿಲ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿ ಘರ್ಷಣೆ ಕಡಿಮೆ ಮಾಡುತ್ತದೆ. ಆಗ ಪೆಡಲ್ ಗಟ್ಟಿಯಾಗೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ಮಾತ್ರ ಹಿಡಿಯುವುದಿಲ್ಲ.

ಇನ್ನೊಂದು, ಬ್ರೇಕ್ ಆಯಿಲ್‌ನದು. ನೀವು ಪೆಡಲ್ ತುಳಿದಾಗ ಆ ಒತ್ತಡವನ್ನು ಚಕ್ರದ ತನಕ ಒಯ್ಯುವುದು ಕೊಳವೆಯೊಳಗಿನ ದ್ರವ. ದ್ರವವನ್ನು ಅದುಮಲು ಆಗುವುದಿಲ್ಲ, ಇಲ್ಲಿ ಒತ್ತಿದರೆ ಅಲ್ಲಿ ಒತ್ತುತ್ತದೆ. ಅದೇ ಅದರ ಗುಣ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ತನಕ ಕುದಿಯುವುದಿಲ್ಲ, ಡಾಟ್ 4 ಆದರೆ 230. ಆದರೆ ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಡಬ್ಬಿಯಲ್ಲಿಟ್ಟ ಉಪ್ಪು ಮಳೆಗಾಲದಲ್ಲಿ ನೀರೊಡೆಯುವ ಹಾಗೆ. ನೂರಕ್ಕೆ ಮೂರೋ ನಾಲ್ಕೋ ಪಾಲು ನೀರು ಸೇರಿದರೆ ಸಾಕು, ಕುದಿಯುವ ಮಟ್ಟ ಡಾಟ್ 3ರಲ್ಲಿ 140ಕ್ಕೆ, ಡಾಟ್ 4ರಲ್ಲಿ 155ಕ್ಕೆ ಇಳಿಯಬಹುದು. ಡಿಸ್ಕಿನ ಶಾಖ ಪ್ಯಾಡಿನ ಹಿಂದಿನ ಆಯಿಲ್‌ಗೆ ದಾಟಿ, ಅದು ಕುದಿದು, ಕೊಳವೆಯೊಳಗೆ ಆವಿಯ ಗುಳ್ಳೆ ಏಳುತ್ತದೆ. ಆವಿಯನ್ನು ಅದುಮಬಹುದು. ನಿಮ್ಮ ಕಾಲಿನ ಬಲ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಇದೇ ಸ್ಪಂಜ್ ತುಳಿದ ಹಾಗೆ ಅನ್ನಿಸುವುದು.

ನಿಮಗೆ ಆದದ್ದು ಈ ಎರಡನೆಯದು ಅಂತ ನನಗೆ ಅನ್ನಿಸುತ್ತದೆ. ಅರ್ಧ ಗಂಟೆ ಬಿಟ್ಟಾಗ ಸರಿಯಾಯಿತು ಅಂದಿರಲ್ಲ, ಆವಿ ತಣ್ಣಗಾಗಿ ಮತ್ತೆ ದ್ರವವಾಯಿತು. ಮೆಕ್ಯಾನಿಕ್ ಪ್ಯಾಡ್, ಡಿಸ್ಕ್ ನೋಡಿ ಸರಿ ಇದೆ ಅಂದಿದ್ದಾರೆ, ಅವು ಸರಿ ಇರಲೂಬಹುದು. ಆದರೆ ಆಯಿಲ್ ಹಳೆಯದಾಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ದಯವಿಟ್ಟು ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಕಡಿಮೆಯಾದದ್ದಕ್ಕೆ ಮೇಲಿನಿಂದ ಸುರಿದರೆ ಸಾಲದು, ಹಳೆಯದನ್ನು ಹೊರತೆಗೆಸಿ. ಮಲೆನಾಡು, ಕರಾವಳಿಯ ತೇವದಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ನಿಮ್ಮ ಅಪ್ಪನ ಮಾತು. ಹಳೆಯ ಲಾರಿ ಡ್ರೈವರ್‌ಗಳು ಕಲಿಸಿದ ಪಾಠ ಅದು, ಅದರ ಹಿಂದೆ ಗಟ್ಟಿ ವಿಜ್ಞಾನ ಇದೆ. 69 ಲಕ್ಷ ಜೂಲ್ ಹೇಗಿದ್ದರೂ ಶಾಖವಾಗಲೇಬೇಕು. ಎಲ್ಲಿ ಆಗಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ. 20 ಕಿಲೋ ಕಬ್ಬಿಣದಲ್ಲಿ ಕೂಡಿಹಾಕಬಹುದು. ಅಥವಾ ಎಂಜಿನ್ನಿಗೆ ಕೊಡಬಹುದು. ಅಲ್ಲಿ ನೀರು ಹರಿಯುತ್ತದೆ, ರೇಡಿಯೇಟರ್ ಇದೆ, ಫ್ಯಾನ್ ಇದೆ, ಸೈಲೆನ್ಸರ್ ಇದೆ. ಶಾಖ ಹೊರಹಾಕಲೆಂದೇ ಕಟ್ಟಿದ ಜಾಗ ಅದು.

ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಚಕ್ರವನ್ನು ತಿರುಗಿಸುವುದಿಲ್ಲ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆಗ ಗಾಳಿ ಬರುವ ಬಾಗಿಲು ಹೆಚ್ಚು ಕಡಿಮೆ ಮುಚ್ಚಿರುತ್ತದೆ. ಸಿರಿಂಜಿನ ಮೂತಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆ ಎಳೆದು ನೋಡಿ, ಕೈಗೆ ಎಷ್ಟು ಬಿಗಿಯಾಗಿ ಸಿಗುತ್ತದೆ. ಪಿಸ್ಟನ್‌ಗಳು ಪ್ರತಿ ಸುತ್ತಿನಲ್ಲೂ ಹಾಗೇ ಎಳೆದಾಡಬೇಕು. ಜೊತೆಗೆ ಒಳಗಿನ ಘರ್ಷಣೆ. ಗೇರ್ ಕಡಿಮೆಯಾದಷ್ಟೂ ಚಕ್ರ ಒಂದು ಸುತ್ತು ಸುತ್ತುವಾಗ ಎಂಜಿನ್ ಹೆಚ್ಚು ಸುತ್ತು ತಿರುಗಬೇಕು, ಹಾಗಾಗಿ ಹಿಂದಕ್ಕೆ ಹಿಡಿಯುವ ಬಲವೂ ಜಾಸ್ತಿ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಎರಡನೇ ಗೇರಿನಲ್ಲಿ 30ರ ವೇಗಕ್ಕೆ ಲೆಕ್ಕ ಹಾಕಿದರೆ, ನಾವು ಮೇಲೆ ಹೇಳಿದ 50 ಕಿಲೋ ಬಲದ ಬಹುಪಾಲನ್ನು ಎಂಜಿನ್ನೇ ಹಿಡಿಯುತ್ತದೆ. ಟಾಪ್ ಗೇರಿನಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಬ್ರೇಕ್ ಆಗ ತಿರುವಿಗೆ ಮುಂಚೆ ಸ್ವಲ್ಪ ಬೇಕಾಗುತ್ತದೆ, ಅಷ್ಟೇ. ಎಂಜಿನ್ ಜೋರಾಗಿ ಕೂಗುತ್ತದೆ ಅಂತ ಹೆದರಿ ಕೆಲವರು ಮೇಲಿನ ಗೇರಿಗೆ ಹೋಗುತ್ತಾರೆ. ಹತ್ತುವಾಗಲೂ ಅಷ್ಟೇ ಕೂಗಿತ್ತಲ್ವಾ? ಆರ್‌ಪಿಎಂ ಮುಳ್ಳು ಕೆಂಪು ಗೆರೆ ದಾಟದಿದ್ದರೆ ಸಾಕು.

ಡೀಸೆಲ್ ಗಾಡಿಯಲ್ಲಿ ಈ ಹಿಡಿತ ಸ್ವಲ್ಪ ಬೇರೆ ಥರ, ಸಾಮಾನ್ಯವಾಗಿ ಅಲ್ಲಿ ಗಾಳಿಯ ಬಾಗಿಲು ಮುಚ್ಚುವುದಿಲ್ಲ. ಅದಕ್ಕೇ ದೊಡ್ಡ ಬಸ್ಸು, ಲಾರಿಗಳಿಗೆ ಹೊಗೆ ಹೋಗುವ ದಾರಿಯನ್ನೇ ಅಡ್ಡಗಟ್ಟುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಆಟೋಮ್ಯಾಟಿಕ್ ಕಾರಾದರೆ ಡಿ ಬಿಟ್ಟು ಕೆಳಗಿನ ಗೇರ್ ಹಿಡಿದಿಡುವ ಸ್ಥಾನಕ್ಕೆ ಹಾಕಿ. ಎಲೆಕ್ಟ್ರಿಕ್ ಕಾರಿನವರದು ಒಳ್ಳೆಯ ಅದೃಷ್ಟ: ಅಲ್ಲಿ ಮೋಟಾರೇ ಜನರೇಟರ್ ಆಗಿ ಎತ್ತರದ ಶಕ್ತಿಯಲ್ಲಿ ಒಂದಷ್ಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಶರಾವತಿಯ ನೀರನ್ನು ಸುಮ್ನೆ ಬೀಳಲು ಬಿಡದೆ ಟರ್ಬೈನ್ ತಿರುಗಿಸಿ ಕರೆಂಟು ಮಾಡಿಕೊಂಡಂತೆ. ಒಂದೇ ಎಚ್ಚರ, ಘಾಟಿಯ ಮೇಲೆ ಬ್ಯಾಟರಿಯನ್ನು ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಬೇಡಿ. ತುಂಬಿದ ಕೊಡಕ್ಕೆ ಮತ್ತೆ ನೀರು ಹೋಗುವುದಿಲ್ಲ, ಆ ಹಿಡಿತವೂ ಕಡಿಮೆಯಾಗುತ್ತದೆ.

ಅಣ್ಣನಿಗೆ ಇದನ್ನು ತೋರಿಸಿ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತಿರುವಾಗ ಪೆಟ್ರೋಲ್ ಯಾಕೆ ಬೇಕು? ನ್ಯೂಟ್ರಲ್ ಮಾಡಿದರೆ ಎಂಜಿನ್ ತನ್ನಷ್ಟಕ್ಕೆ ಉಸಿರಾಡಬೇಕು, ಗಂಟೆಗೆ ಅರ್ಧದಿಂದ ಒಂದು ಲೀಟರ್ ತನಕ ಕುಡಿಯುತ್ತದೆ. ಅಂದರೆ ನ್ಯೂಟ್ರಲ್ಲಿನಲ್ಲೇ ಪೆಟ್ರೋಲ್ ಖರ್ಚು ಜಾಸ್ತಿ. ಕಾರ್ಬ್ಯುರೇಟರ್ ಕಾಲದ ಲೆಕ್ಕ ಇನ್ನೂ ಬಾಯಿಂದ ಬಾಯಿಗೆ ಓಡುತ್ತಿದೆ. ಎಂಜಿನ್ನನ್ನೇ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಇದನ್ನು ಮಾತ್ರ ಯಾವತ್ತೂ ಮಾಡಬೇಡಿ. ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಕೊಡುವ ನಿರ್ವಾತದಿಂದ. ಆಫ್ ಮಾಡಿದ ಮೇಲೆ ಎರಡು ಮೂರು ಸಲ ತುಳಿಯುವಷ್ಟು ಮಾತ್ರ ಉಳಿದಿರುತ್ತದೆ. ನಾಲ್ಕನೇ ತಿರುವಿನಲ್ಲಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಹೋಗುತ್ತದೆ.

ಇಳಿಯುವ ಕ್ರಮ ಹೀಗಿರಲಿ. ಆಗುಂಬೆ ಚೆಕ್‌ಪೋಸ್ಟ್ ದಾಟಿದ ಕೂಡಲೇ, ಇಳಿಜಾರು ಶುರುವಾಗುವ ಮೊದಲೇ, ಎರಡನೇ ಗೇರಿಗೆ ಬನ್ನಿ. ಕಡಿದಾದ ತಿರುವಿಗೆ ಒಂದನೇ ಗೇರ್. ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಡಿ. ವೇಗ ಏರಿದಾಗ ಗಟ್ಟಿಯಾಗಿ ತುಳಿದು ಇಳಿಸಿ, ಪೂರ್ತಿ ಬಿಡಿ. ಇಳಿಯುವ ವೇಗ ಕಡಿಮೆ ಇರಲಿ, ಶಾಖ ಹುಟ್ಟುವ ದರ ವೇಗದ ಜೊತೆಗೇ ಏರುತ್ತದೆ. 30ರಲ್ಲಿ ಎರಡು ಗೀಸರ್ ಆದರೆ 60ರಲ್ಲಿ ನಾಲ್ಕರ ಹತ್ತಿರ. ವಾಸನೆ ಬಂದರೆ ನೀವು ಮಾಡಿದ ಹಾಗೇ ನಿಲ್ಲಿಸಿ, ಅದು ತುಂಬಾ ಸರಿಯಾದ ಕೆಲಸ. ಎಂಜಿನ್ ಆಫ್ ಮಾಡಿ ಗೇರಿನಲ್ಲೇ ಇಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದುಹಾಕಿ, ಹಿಂದೆ ಬೈಕಿನವರು ಬರುತ್ತಿರುತ್ತಾರೆ. ಬೇಗ ತಣ್ಣಗಾಗಲಿ ಅಂತ ಬಾಟಲಿ ನೀರು ಸುರಿಯಬೇಡಿ, ಕಾದ ಎರಕದ ಕಬ್ಬಿಣ ಒಂದೇ ಕಡೆ ಕುಗ್ಗಿ ಬಿರುಕು ಬಿಡಬಹುದು.

ಆಯಿಲ್ ಬದಲಿಸಿದ ಮೇಲೆ ಮತ್ತೊಮ್ಮೆ ಅದೇ ದಾರಿಯಲ್ಲಿ, ಅಷ್ಟೇ ಜನ, ಅಷ್ಟೇ ಸಾಮಾನಿನ ಜೊತೆ ಅಪ್ಪ ಹೇಳಿದ ಗೇರಿನಲ್ಲಿ ಇಳಿಯಿರಿ. ಸೋಮೇಶ್ವರದಲ್ಲಿ ನಿಲ್ಲಿಸಿ, ಮುಂದಿನ ಚಕ್ರದಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ. ಅವತ್ತು ಘಾಟಿಯ ಮಧ್ಯೆ ಇಳಿದಾಗ ಕೈಗೆ ತಾಗಿದ ಝಳಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನನಗೆ ಬರೆದು ತಿಳಿಸಿ.